ರಕ್ತ ಎಲ್ಲಿಗೆ ಹೋಗ್ತಿದೆ ಎಂದು ಒಬ್ಬರಾದರೂ ಕೇಳಬೇಕಿತ್ತು

ಮಾನ್ಯ ಆರೋಗ್ಯ ಸಚಿವರಿಗೆ, ಆರೋಗ್ಯ ಇಲಾಖೆಯ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನವಳು. ನಮ್ಮದು ಅಡಿಕೆ ಸೀಮೆ. ನಮ್ಮಣ್ಣ ಖೇಣಿ ಮಾಡುತ್ತಾನೆ. ಮರದ ಮೇಲಿನ ಫಸಲನ್ನೇ ನೋಡಿ ಬೆಲೆ ಕಟ್ಟಿ, ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ ಮಾರುವ ಕೆಲಸ. ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಸಾಕು, ಗೊನೆಯಲ್ಲಿ ಎಷ್ಟು ಕಾಯಿ ಇದೆ ಎಂದು ಹೇಳಿಬಿಡುತ್ತಾನೆ. ಅಂಥವನಿಗೆ ತನ್ನ ಹೊಟ್ಟೆಯೊಳಗೆ ಕರುಳಿನ ಕ್ಯಾನ್ಸರ್ ಬೆಳೆಯುತ್ತಿದೆ ಎಂದು ಒಂದೂವರೆ ವರ್ಷ ಗೊತ್ತಾಗಲಿಲ್ಲ. ನಮಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕಾದ ಜಾಗಗಳಲ್ಲೂ ಗೊತ್ತಾಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲ ಸಲ ರಕ್ತ ಕಂಡಾಗ ಅವನಿಗೆ 44 ದಾಟಿತ್ತು. ಅಡಿಕೆ ಬೇಯಿಸುವ ಸಮಯ. ರಾತ್ರಿ ಹನ್ನೆರಡರವರೆಗೆ ಹಂಡೆಯ ಮುಂದೆ ಕೂತಿರುತ್ತಿದ್ದ. ಬೆಳಿಗ್ಗೆ ಹೊರಕಡೆಗೆ ಹೋದಾಗ ರಕ್ತ ಬಿತ್ತು. ಯಾರಿಗೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಅತ್ತಿಗೆಗೆ ಹೇಳಿದ, ಅದೂ ಲೈಟ್ ಆರಿಸಿದ ಮೇಲೆ. ಅತ್ತಿಗೆ ಉಷ್ಣ ಅಂದರು. ಬೆಂಕಿ ಮುಂದೆ ಕೂರುವವರಿಗೆ ಉಷ್ಣ ಆಗದೆ ಇರುತ್ತಾ? ಮಜ್ಜಿಗೆ ಜಾಸ್ತಿ ಮಾಡಿದರು. ಸುವರ್ಣಗಡ್ಡೆ ಪಲ್ಯ ಮಾಡಿ ಹಾಕಿದರು. ರಕ್ತ ಹದಿನೈದು ದಿನ ನಿಂತಿತು. ನಿಂತದ್ದೇ ತಪ್ಪಾಯಿತು, ಎಲ್ಲರೂ ಗುಣವಾಯಿತು ಎಂದುಕೊಂಡರು.

ಮತ್ತೆ ಬಂತು. ಈ ಸಲ ಮೆಡಿಕಲ್ ಶಾಪಿನಿಂದ ಮುಲಾಮು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಬೋರ್ಡು. ಯಾವ ಊರಿಗೆ ಹೋದರೂ ಅಂಥ ಬೋರ್ಡು ಕಾಣುತ್ತದೆ: ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಗ್ಯಾರಂಟಿ ಚಿಕಿತ್ಸೆ. ಅಲ್ಲಿ ಪುಡಿ ಕೊಟ್ಟರು, ಪಥ್ಯ ಹೇಳಿದರು. ಒಳಗೆ ಏನಿದೆ ಎಂದು ನೋಡಲಿಲ್ಲ. ಮೂರು ತಿಂಗಳ ದುಡ್ಡು ಮುಂಗಡವಾಗಿ ತೆಗೆದುಕೊಂಡರು.

ಅಷ್ಟರಲ್ಲಿ ಅಣ್ಣ ಸುಸ್ತಾಗತೊಡಗಿದ. ತೋಟದಲ್ಲಿ ನಾಲ್ಕು ಸಾಲು ನಡೆದರೆ ಕೂರಬೇಕು. ಒಂದು ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 8.2, ತುಂಬಾ ಕಡಿಮೆ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದು, ಸೊಪ್ಪು ತಿನ್ನಿ ಎಂದು ಕಳಿಸಿದರು. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ನಿಮಗೆ ಗೊತ್ತಿರುತ್ತದೆ. ರಕ್ತ ಕಾಣುತ್ತಿದ್ದದ್ದೂ ಅದರಲ್ಲಿ ಮುಚ್ಚಿಹೋಯಿತು.

ಸಚಿವರೇ, ನನ್ನ ದುಃಖವೆಲ್ಲ ಆ ಒಂದು ದಿನದ ಮೇಲೆಯೇ ನಿಂತಿದೆ. ಗಂಡಸಿಗೆ ಮುಟ್ಟಿಲ್ಲ, ಹೆರಿಗೆಯಿಲ್ಲ. ಗಾಯ ಆಗಿಲ್ಲ. ಹೊಟ್ಟೆ ತುಂಬ ಮುದ್ದೆ, ಸಾರು, ಸೊಪ್ಪು ತಿನ್ನುವ ಮನುಷ್ಯ. ಅವನ ರಕ್ತ ಎಲ್ಲಿಗೆ ಹೋಗುತ್ತಿದೆ? ಆ ಕೋಣೆಯಲ್ಲಿ ಯಾರಾದರೂ ಇದೊಂದು ಪ್ರಶ್ನೆ ಕೇಳಿದ್ದರೆ ಅಣ್ಣ ಹೇಳುತ್ತಿದ್ದ. ತಾನಾಗಿ ಹೇಳಲು ಅವನಿಗೆ ನಾಚಿಕೆ. ಜೊತೆಗೆ ತಂಗಿ ಬೇರೆ ಕೂತಿದ್ದೆ.

ಏಳು ತಿಂಗಳಾದ ಮೇಲೆ ಒಂದು ರಾತ್ರಿ ಹೊಟ್ಟೆ ತಮಟೆಯ ಹಾಗೆ ಉಬ್ಬಿತು. ವಾಂತಿ. ಎರಡು ದಿನದಿಂದ ಮಲ ಇಲ್ಲ, ಗಾಳಿಯೂ ಹೋಗುತ್ತಿಲ್ಲ. ಆಂಬ್ಯುಲೆನ್ಸಿನಲ್ಲಿ ದಾವಣಗೆರೆಗೆ ಒಯ್ದೆವು. ಸಿಟಿ ಸ್ಕ್ಯಾನ್ ಮಾಡಿದರು. ದೊಡ್ಡ ಕರುಳಿನ ಕೊನೆಯ ತಿರುವಿನಲ್ಲಿ ಗಡ್ಡೆ ಬೆಳೆದು ದಾರಿಯನ್ನೇ ಮುಚ್ಚಿತ್ತು. ಬೆಳಗಿನ ಜಾವ ಆಪರೇಷನ್. ಆ ಭಾಗ ತೆಗೆದು, ಮೇಲಿನ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಗೆ ತಂದು ಹೊಲಿದರು. ಮಲ ಇನ್ನು ಮುಂದೆ ಅಲ್ಲಿಂದ, ಒಂದು ಬ್ಯಾಗಿಗೆ. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಕ್ಯಾನ್ಸರ್, ಮೂರನೇ ಹಂತ. ಅಣ್ಣನಿಗೆ 46.

ಆಮೇಲೆ ನಾನು ಓದಿದೆ, ಡಾಕ್ಟರುಗಳನ್ನು ಬಿಡದೆ ಕೇಳಿದೆ. ನನ್ನನ್ನು ಹೆಚ್ಚು ಕಾಡಿದ್ದು ಏನೆಂದರೆ, ಈ ಕಾಯಿಲೆ ನಮಗೆ ತುಂಬಾ ಸಮಯ ಕೊಡುತ್ತದೆ. ಹೆಚ್ಚಿನವರಲ್ಲಿ ಇದು ಶುರುವಾಗುವುದು ಕರುಳಿನ ಒಳಗೋಡೆಯ ಮೇಲಿನ ಒಂದು ಸಣ್ಣ ಗಂಟಿನಿಂದ. ಅದಕ್ಕೆ ಪಾಲಿಪ್ ಅನ್ನುತ್ತಾರೆ. ಎಲ್ಲ ಪಾಲಿಪ್ಪೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ಕರುಳು ನೋಡುವ ಪರೀಕ್ಷೆಯಲ್ಲಿ, ಕಂಡರೆ ಅಲ್ಲೇ, ಅದೇ ನಳಿಕೆಯಿಂದಲೇ ಕಿತ್ತು ತೆಗೆಯಬಹುದು. ಕ್ಯಾನ್ಸರ್ ಆಗುವುದೇ ತಪ್ಪುತ್ತದೆ. ಕ್ಯಾನ್ಸರ್ ಆದಮೇಲೂ ಅದು ಕರುಳಿನ ಆಚೆ ಹೋಗುವ ಮೊದಲು ಸಿಕ್ಕರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ ಎಂದು ಅಮೆರಿಕದ ಲೆಕ್ಕ ಹೇಳುತ್ತದೆ. ದೂರದ ಅಂಗಗಳಿಗೆ ಹರಡಿದ ಮೇಲೆ ಆ ಸಂಖ್ಯೆ ಎರಡಕ್ಕಿಂತ ಕೆಳಗಿಳಿಯುತ್ತದೆ. 2022ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಕರುಳಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಸತ್ತರು. ಶ್ವಾಸಕೋಶದ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಜನರನ್ನು ಕೊಲ್ಲುತ್ತಿರುವ ಕ್ಯಾನ್ಸರ್ ಇದೇ.

ನಿಮ್ಮ ಇಲಾಖೆ ಏನೂ ಮಾಡುತ್ತಿಲ್ಲ ಎಂದು ನಾನು ಹೇಳುವುದಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಯುತ್ತಿದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ನೋಡುತ್ತಾರೆ. ನಮ್ಮೂರಿನ ಆಶಾ ಕಾರ್ಯಕರ್ತೆ ನಮ್ಮ ಮನೆಯ ಜಗಲಿ ಮೇಲೆ ಕೂತು ಫಾರಂ ತುಂಬಿದ್ದು ನನಗೆ ಚೆನ್ನಾಗಿ ನೆನಪಿದೆ. ಬೀಡಿ ಸೇದುತ್ತೀರಾ ಎಂದು ಅಣ್ಣನನ್ನು ಕೇಳಿದರು. ಬಾಯಲ್ಲಿ ಹುಣ್ಣಿದೆಯಾ, ಕೆಮ್ಮು ಎರಡು ವಾರಕ್ಕಿಂತ ಜಾಸ್ತಿ ಇದೆಯಾ ಎಂದು ಕೇಳಿದರು. ಸೊಂಟದ ಸುತ್ತಳತೆ ತೆಗೆದರು. ಎರಡಕ್ಕೆ ಹೋದಾಗ ರಕ್ತ ಬೀಳುತ್ತಾ ಎಂದು ಮಾತ್ರ ಕೇಳಲಿಲ್ಲ. ಅವರ ತಪ್ಪಲ್ಲ, ಅವರ ಮುಂದಿದ್ದ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಆ ದಿನ ಅಣ್ಣನಿಗೆ ರಕ್ತ ಬೀಳುತ್ತಿತ್ತು.

ಆ ಒಂದು ಸಾಲು ಸೇರಿಸಿ ಎನ್ನುವುದೇ ನನ್ನ ಮೊದಲ ಬೇಡಿಕೆ. ಮಲದಲ್ಲಿ ರಕ್ತ ಬೀಳುತ್ತಾ, ಮೂರು ವಾರಕ್ಕಿಂತ ಜಾಸ್ತಿ ದಿನದಿಂದ ಮಲದ ರೀತಿ ಬದಲಾಗಿದೆಯಾ, ಹೋಗಿ ಬಂದರೂ ಇನ್ನೂ ಹೋಗಬೇಕು ಅನ್ನಿಸುತ್ತಾ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿತ್ತಾ. ಇಷ್ಟು ಕೇಳಲು ಒಂದು ನಿಮಿಷ ಸಾಕು. ಗಂಡಸರು ಆಶಾ ಅಕ್ಕನ ಮುಂದೆ ಬಾಯಿ ಬಿಡುವುದಿಲ್ಲ ಅನ್ನುವುದೂ ನಿಜ. ಚೀಟಿಯಲ್ಲಿ ಬರೆದು ಕೊಟ್ಟರೆ ಟಿಕ್ ಹಾಕುತ್ತಾರೆ. ನಮ್ಮಣ್ಣ ಖಂಡಿತ ಹಾಕುತ್ತಿದ್ದ.

ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆ ಕಡಿಮೆ, ಡಾಕ್ಟರುಗಳೂ ಕಡಿಮೆ. ಅಮೆರಿಕದಲ್ಲಿ 45ಕ್ಕೇ ತಪಾಸಣೆ ಶುರು ಮಾಡಿ ಎಂದು 2021ರಲ್ಲಿ ಹೇಳಿದರು, ಮೊದಲು 50 ಇತ್ತು. ಇಂಗ್ಲೆಂಡಿನಲ್ಲಿ ಮಲದ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಜಪಾನಿನಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಇದೇ ಪರೀಕ್ಷೆ. ಇದಕ್ಕೆ ಫಿಟ್ ಎಂದು ಹೆಸರು. ಒಂದು ಕಡ್ಡಿಯಲ್ಲಿ ಸ್ವಲ್ಪ ಮಲ ತೆಗೆದು ಬಾಟಲಿಗೆ ಹಾಕಿಕೊಟ್ಟರೆ, ಕಣ್ಣಿಗೆ ಕಾಣದ ರಕ್ತವನ್ನೂ ಅದು ಹಿಡಿಯುತ್ತದೆ. ಉಪವಾಸ ಬೇಡ, ಪಥ್ಯ ಬೇಡ, ಸೂಜಿ ಬೇಡ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಫದ ಡಬ್ಬಿ ತೆಗೆದುಕೊಳ್ಳುವವರು ಇದನ್ನೂ ತೆಗೆದುಕೊಳ್ಳಬಹುದು ಅಲ್ವಾ? ಹೊಟ್ಟೆಯ ತೊಂದರೆ ಹೇಳಿಕೊಂಡು ಬಂದ 40 ದಾಟಿದವರಿಗೆ, ಕಾರಣ ಗೊತ್ತಿಲ್ಲದೆ ರಕ್ತ ಕಡಿಮೆಯಾದ ಗಂಡಸರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ, ಮನೆಯಲ್ಲಿ ಈ ಕಾಯಿಲೆ ಕಂಡವರಿಗೆ ಇಲ್ಲಿಂದ ಶುರುವಾಗಲಿ. ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಯಾವ ಕಿಟ್ಟಿಗೂ ಕಾಯದೆ ಮುಂದಕ್ಕೆ ಕಳಿಸಲಿ. ಕಳಿಸುವುದಕ್ಕೆ ಒಂದು ಜಾಗವೂ ಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನವಾದರೂ ಕೊಲೊನೋಸ್ಕೋಪಿ ನಡೆಯಲಿ.

ಹಾಗೆಯೇ ಎಲ್ಲ ಡಾಕ್ಟರುಗಳಿಗೂ ಒಂದು ಸುತ್ತೋಲೆ ಹೋಗಲಿ. ಮೂಲವ್ಯಾಧಿ ಎಂದು ಬರೆಯುವ ಮೊದಲು ಪರೀಕ್ಷೆ ಮಾಡಿ ನೋಡಬೇಕು. ಗುದದ್ವಾರಕ್ಕೆ ಬೆರಳು ಹಾಕಿ ನೋಡುವುದು ಐದು ನಿಮಿಷದ ಕೆಲಸ. ನಮ್ಮಣ್ಣನ ಗಡ್ಡೆ ಬೆರಳಿಗೆ ಸಿಗುವುದಕ್ಕಿಂತ ಮೇಲಿತ್ತು, ಒಪ್ಪುತ್ತೇನೆ. ಆದರೆ ಪರೀಕ್ಷೆ ಮಾಡಿದ್ದರೆ, ಇದು ಮೂಲವ್ಯಾಧಿಯೇನಾ ಎಂಬ ಅನುಮಾನವಾದರೂ ಬರುತ್ತಿತ್ತು.

ಇನ್ನು ಮನೆಯೊಳಗಿನ ಮಾತು. ಇದನ್ನು ಸಚಿವರ ಜೊತೆಗೆ ಊರಿನವರೂ ಕೇಳಬೇಕು.

ಆಸ್ಪತ್ರೆಯಿಂದ ಬಂದ ಮೊದಲ ರಾತ್ರಿ ಬ್ಯಾಗ್ ಸೋರಿತು. ಹಾಸಿಗೆ, ಲುಂಗಿ ಎಲ್ಲ ಒದ್ದೆ. ಅಣ್ಣ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಯಾರನ್ನೂ ಹತ್ತಿರ ಬರಬೇಡಿ ಅಂದ. ಅತ್ತಿಗೆ ಒಂದೂ ಮಾತಾಡಲಿಲ್ಲ. ಬಿಸಿನೀರು, ಹತ್ತಿ ಬಟ್ಟೆ ತಂದು ಕೂತರು. ಹೊಟ್ಟೆಯ ಮೇಲಿನ ಕರುಳಿನ ಬಾಯಿ ಒಳತುಟಿಯ ಹಾಗೆ ಕೆಂಪಗೆ, ಒದ್ದೆಯಾಗಿರುತ್ತದೆ. ನೋಡಿದರೆ ಗಾಯ ಅನ್ನಿಸುತ್ತದೆ, ಆದರೆ ಮುಟ್ಟಿದರೆ ನೋವಿಲ್ಲ. ನೋವಾಗುವುದು ಸುತ್ತಲಿನ ಚರ್ಮಕ್ಕೆ. ಬ್ಯಾಗಿನ ತೂತು ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸುಟ್ಟ ಹಾಗೆ ಆಗುತ್ತದೆ. ಚಿಕ್ಕದಾದರೆ ಕರುಳನ್ನು ಕೊಯ್ಯುತ್ತದೆ. ಆಸ್ಪತ್ರೆಯಿಂದ ಬಿಡುವಾಗ ಇದನ್ನು ನಮಗೆ ಯಾರೂ ಕೂರಿಸಿ ತೋರಿಸಿರಲಿಲ್ಲ. ಮೂರು ದಿನ ಚರ್ಮ ಕಿತ್ತುಬಂದ ಮೇಲೆ ಅತ್ತಿಗೆ ಒಂದು ಹಳೆಯ ಮದುವೆ ಕರೆಯೋಲೆ ತಂದು, ಅದರಲ್ಲಿ ಬೇರೆ ಬೇರೆ ಅಳತೆಯ ತೂತು ಕೊರೆದು, ಕರುಳಿನ ಬಾಯಿಯ ಸುತ್ತ ಇಟ್ಟು ನೋಡಿ, ಸರಿಯಾದ ಅಳತೆ ಕಂಡುಹಿಡಿದರು. ಆಮೇಲೆ ಪ್ರತಿಸಲ ಆ ಕಾರ್ಡನ್ನು ಬ್ಯಾಗಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದು ಕತ್ತರಿಸುವುದು. ಆ ಕಾರ್ಡು ಎಂಟೊಂಬತ್ತು ತಿಂಗಳು ನಮ್ಮ ದೇವರ ಗೂಡಿನ ಪಕ್ಕದಲ್ಲಿತ್ತು.

ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಕಿತ್ತು ಬರುತ್ತದೆ. ಇಂಥದ್ದೆಲ್ಲ ನಾವು ಬಿದ್ದು ಎದ್ದು ಕಲಿತೆವು. ಪ್ರತಿ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆಂದೇ ತರಬೇತಾದ ಒಬ್ಬ ನರ್ಸ್ ಇರಲಿ. ಮನೆಗೆ ಕಳಿಸುವ ಮೊದಲು ರೋಗಿಯ ಕೈಯಲ್ಲಿ, ನೋಡಿಕೊಳ್ಳುವವರ ಕೈಯಲ್ಲಿ ಎರಡು ಸಲ ಬ್ಯಾಗ್ ಬದಲಿಸಿ ತೋರಿಸಲಿ.

ಆಪರೇಷನ್, ಕಿಮೋ ಎಲ್ಲ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಯಿತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅದಿಲ್ಲದಿದ್ದರೆ ತೋಟ ಮಾರಬೇಕಿತ್ತು, ಇದನ್ನು ಮನಸ್ಸು ತುಂಬಿ ಹೇಳುತ್ತೇನೆ. ಮನೆಗೆ ಬಂದ ಮೇಲಿನ ಬ್ಯಾಗುಗಳನ್ನು ಮಾತ್ರ ಕೈಯಿಂದ ಕೊಂಡೆವು. ಒಂದೊಂದಕ್ಕೆ ನೂರಾರು ರೂಪಾಯಿ, ವಾರಕ್ಕೆ ಎರಡು. ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ಕೂಲಿ ಮಾಡುವ ಅಜ್ಜಿ ಪ್ಲಾಸ್ಟಿಕ್ ಕವರನ್ನು ಹೊಟ್ಟೆಗೆ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಅದನ್ನು ನೋಡಿದ ಮೇಲೆ ಈ ಮಾತು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ಶುಗರ್ ಮಾತ್ರೆ ಕೊಡುವ ಹಾಗೆ ಈ ಬ್ಯಾಗುಗಳನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಿ.

ಕಿಮೋಗೆ ಎಂಟು ಸಲ ಬೆಂಗಳೂರಿಗೆ ಹೋದೆವು. ಮೂರು ವಾರಕ್ಕೊಮ್ಮೆ ಒಂದು ದಿನ ಡ್ರಿಪ್, ಆಮೇಲೆ ಹದಿನಾಲ್ಕು ದಿನ ಮಾತ್ರೆ. ಆ ಡ್ರಿಪ್ಪಿನ ಔಷಧಿಗೆ ಒಂದು ವಿಚಿತ್ರ ಗುಣ ಇದೆ. ತಣ್ಣಗಿನದ್ದು ಯಾವುದೂ ಆಗುವುದಿಲ್ಲ. ಬೆಳಿಗ್ಗೆ ಎದ್ದು ಸ್ಟೀಲ್ ಚೊಂಬು ಹಿಡಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ. ತಣ್ಣೀರು ಕುಡಿದರೆ ಗಂಟಲು ಕಟ್ಟಿದ ಹಾಗೆ. ಮೊದಲ ಸಲ ಅಣ್ಣ ಚೊಂಬು ಕೈಬಿಟ್ಟ, ನೀರೆಲ್ಲ ಚೆಲ್ಲಿತು. ನಾವು ಹೆದರಿ ಓಡಿ ಬಂದೆವು. ಆಮೇಲೆ ಅಮ್ಮ ಅವನ ಚೊಂಬಿಗೆ ಉಲ್ಲನ್ ನೂಲಿನಲ್ಲಿ ಒಂದು ಅಂಗಿ ಹೆಣೆದರು. ಈ ಕಿಮೋ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ನೀರು ಸದಾ ಬೆಚ್ಚಗೆ ಇಡಿ. ಫ್ರಿಜ್ ಬಾಗಿಲು ಅವರು ತೆಗೆಯುವುದು ಬೇಡ.

2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಅಂದರೆ ಕಿಮೋ ಕೊಟ್ಟು ಅದೇ ದಿನ ಮನೆಗೆ ಕಳಿಸುವ ಕೇಂದ್ರ, ಎಂದು ಹೇಳಿದರು. ನಮ್ಮ ರಾಜ್ಯದಲ್ಲೂ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಕೆಲಸ ಶುರುವಾಗಿದೆ. ಇದು ಬೇಗ ಮುಗಿಯಲಿ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು. ಐವತ್ತು ವರ್ಷ ದಾಟಿತು, ಬೀದರ್‌ನಿಂದಲೂ ಚಾಮರಾಜನಗರದಿಂದಲೂ ಜನ ಇಂದಿಗೂ ಬ್ಯಾಗು, ಫೈಲು ಹಿಡಿದು ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಿದ್ದಾರೆ. ಕಿಮೋ ಆದವರು ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬರುವುದನ್ನು ನೋಡಿದರೆ ಕರುಳು ಕಿವುಚುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ ಎಂಬುದು ನಮಗೆ ಗೊತ್ತಾದದ್ದು ನಾಲ್ಕನೇ ಕಿಮೋ ಆದಮೇಲೆ, ಅದೂ ಇನ್ನೊಬ್ಬ ರೋಗಿಯ ಮಗನಿಂದ. ಇಂಥ ವಿಷಯವನ್ನು ದಾಖಲಾದ ದಿನವೇ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಬಾರದೇ?

ಊರಿನವರಿಗೆ ನಾನು ಕೈಮುಗಿದು ಕೇಳುವುದು ಬೇರೆ. ನೋಡಲು ಬಂದಾಗ, ನಿಮಗೆ ಗೊತ್ತಿದ್ದವರು ಇದೇ ಕಾಯಿಲೆಯಲ್ಲಿ ಸತ್ತ ಕಥೆ ಹೇಳಬೇಡಿ. ಬಂದವರಲ್ಲಿ ಹತ್ತು ಜನವಾದರೂ ಹೇಳಿದರು. ಬೀಡಿ ಸೇದಿದ್ದಕ್ಕೇ ಬಂತು ಎಂದು ಅವನ ಮುಂದೆಯೇ ಅಂದರು. ಬೀಡಿ, ಹೆಂಡ, ಬೊಜ್ಜು, ಕೂತಲ್ಲೇ ಕೂರುವುದು ಇವೆಲ್ಲ ಅಪಾಯ ಹೆಚ್ಚಿಸುತ್ತವೆ, ನಿಜ. ಸಂಸ್ಕರಿಸಿದ ಮಾಂಸವೂ ಹೆಚ್ಚಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ. ರಾಗಿ, ಕಾಳು, ಸೊಪ್ಪಿನ ನಾರು ಕರುಳಿಗೆ ಒಳ್ಳೆಯದು. ಇದನ್ನೆಲ್ಲ ಆರೋಗ್ಯವಾಗಿರುವವರಿಗೆ ಹೇಳಿ, ಮಕ್ಕಳಿಗೆ ಹೇಳಿ. ಹಾಸಿಗೆ ಹಿಡಿದವನಿಗೆ ಹೇಳಿ ಏನು ಬರುತ್ತದೆ? ಯಾವ ಚಟವೂ ಇಲ್ಲದವರು ಎಷ್ಟೋ ಜನ ಅದೇ ವಾರ್ಡಿನಲ್ಲಿದ್ದರು.

ನಮಗೆ ನಿಜವಾಗಿ ಆಸರೆಯಾದವರು ಜಾಸ್ತಿ ಮಾತಾಡಲಿಲ್ಲ. ಅಣ್ಣನ ಜೊತೆ ಖೇಣಿ ಮಾಡುವ ಗೆಳೆಯರೊಬ್ಬರು ಆ ವರ್ಷದ ಫಸಲನ್ನು ತಾವೇ ಬೇಯಿಸಿ, ಒಣಗಿಸಿ, ಮಾರಿ ಲೆಕ್ಕ ತಂದುಕೊಟ್ಟರು. ನಾವು ಬೆಂಗಳೂರಿಗೆ ಹೋಗುವ ದಿನವೆಲ್ಲ ಎದುರು ಮನೆಯ ಅಕ್ಕ ಮಕ್ಕಳಿಗೆ ಬುತ್ತಿ ಕಟ್ಟಿ ಶಾಲೆಗೆ ಕಳಿಸಿದರು. ಏನಾದರೂ ಬೇಕಾದರೆ ಹೇಳಿ ಅನ್ನುವವರಿಗೆ ನಾವು ಏನೂ ಹೇಳಲಿಲ್ಲ, ಹೇಳಲು ಬಾಯಿಯೇ ಬರುವುದಿಲ್ಲ. ಇವರಿಬ್ಬರು ಕೇಳದೆ ಮಾಡಿದರು. ಅತ್ತಿಗೆಗೆ ಒಂದು ಮಧ್ಯಾಹ್ನ ಮಲಗಲು ಬಿಟ್ಟು ರೋಗಿಯ ಪಕ್ಕ ಸುಮ್ನೆ ಕೂತವರನ್ನೂ ನಾನು ಮರೆಯುವುದಿಲ್ಲ. ನೋಡಿಕೊಳ್ಳುವವರು ಊಟ ಮಾಡಿದರಾ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು. ಅಣ್ಣನಿಗೆ ಕಾಯಿಲೆಯ ಹೆಸರು ಹೇಳಬಾರದು ಎಂದು ಚಿಕ್ಕಪ್ಪ ಹಟ ಹಿಡಿದರು. ಹದಿನೈದು ದಿನ ಬಚ್ಚಿಟ್ಟೆವು. ಒಂದು ದಿನ ಅವನೇ, ನನ್ನ ಮುಖ ನೋಡಿಕೊಂಡು ಎಲ್ಲರೂ ಯಾಕೆ ಸುಳ್ಳು ಹೇಳುತ್ತಿದ್ದೀರಿ ಎಂದು ಕೇಳಿದ. ಹೇಳಿದೆವು. ಅವತ್ತು ಅವನು ಹೊಟ್ಟೆ ತುಂಬ ಉಂಡ. ಗೊತ್ತಿಲ್ಲದಿರುವುದೇ ಅವನನ್ನು ಹೆಚ್ಚು ಹೆದರಿಸಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ನನ್ನ ವಿಷಯ. ಒಡಹುಟ್ಟಿದವರಿಗೆ ಬಂದರೆ ನಮಗೂ ಅಪಾಯ ಹೆಚ್ಚು. ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇಲ್ಲವೇ 40ಕ್ಕೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ನನಗೆ ಆಗಲೇ 39. ಇದನ್ನು ಹೇಳಿದ್ದು ಕಿಮೋ ಕೊಡುತ್ತಿದ್ದ ಕಿರಿಯ ಡಾಕ್ಟರಮ್ಮ. ಹಿಂದಿನ ದಿನ ಸಂಜೆಯಿಂದ ಉಪ್ಪುಪ್ಪಾದ ದ್ರಾವಣ ಎರಡು ಲೀಟರ್ ಕುಡಿಯಬೇಕು, ರಾತ್ರಿಯೆಲ್ಲ ಓಡಾಟ. ಅದೊಂದೇ ಕಷ್ಟ. ಪರೀಕ್ಷೆಗೆ ಮಂಪರು ಬರುವ ಇಂಜೆಕ್ಷನ್ ಕೊಟ್ಟರು, ಎದ್ದಾಗ ಎಲ್ಲ ಮುಗಿದಿತ್ತು. ಕಡಲೆಕಾಳಿನಷ್ಟು ಒಂದು ಪಾಲಿಪ್ ಸಿಕ್ಕಿತು, ತೆಗೆದುಹಾಕಿದ್ದೇವೆ ಅಂದರು. ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯದ್ದು, ಆದರೆ ಆಗಿರಲಿಲ್ಲ. ಐದು ವರ್ಷ ಬಿಟ್ಟು ಬನ್ನಿ ಅಂದರು. ಮಧ್ಯಾಹ್ನ ಮೊಸರನ್ನ ತಿಂದು ಬಸ್ಸಿನಲ್ಲಿ ಊರಿಗೆ ಬಂದೆ. ಕಿಟಕಿ ಪಕ್ಕ ಕೂತು ಅತ್ತೆ. ಅಣ್ಣನದ್ದೂ ಯಾವತ್ತೋ ಒಂದು ದಿನ ಇಷ್ಟೇ ಇತ್ತು.

ಅಣ್ಣನ ಕರುಳನ್ನು ಮತ್ತೆ ಒಳಗೆ ಜೋಡಿಸಿದ್ದಾರೆ. ಬ್ಯಾಗ್ ಹೋಯಿತು. ಕ್ಯಾನ್ಸರ್ ಮರಳಿದೆಯಾ ಎಂದು ನೋಡುವ ಸಿಇಎ ಎಂಬ ರಕ್ತ ಪರೀಕ್ಷೆಗೆ ಮೂರು ತಿಂಗಳಿಗೊಮ್ಮೆ ಹೋಗುತ್ತಾನೆ, ಫಲಿತಾಂಶ ಬರುವ ತನಕ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅವನ ಮಗನಿಗೆ ಈಗ 17. ಅತ್ತಿಗೆ ಆಸ್ಪತ್ರೆಯ ಫೈಲಿನ ಹಿಂಬದಿಯಲ್ಲಿ ಮಗನ ಹೆಸರು ಬರೆದು, 36ನೇ ವಯಸ್ಸಿಗೆ ಕೊಲೊನೋಸ್ಕೋಪಿ ಎಂದು ಬರೆದಿಟ್ಟಿದ್ದಾರೆ. ಅದಕ್ಕೆ ಇನ್ನೂ 19 ವರ್ಷ ಇದೆ, ಸಚಿವರೇ. ಅಷ್ಟರೊಳಗೆ ಅವನು ಆ ಪರೀಕ್ಷೆಗೆ ಬೆಂಗಳೂರಿನ ಬಸ್ಸು ಹತ್ತದೆ, ಬೆಳಿಗ್ಗೆ ನಮ್ಮ ಜಿಲ್ಲಾ ಆಸ್ಪತ್ರೆಗೆ ಹೋಗಿ ಸಂಜೆ ಹೊತ್ತಿಗೆ ಅಡಿಕೆ ಹಂಡೆಯ ಹತ್ತಿರ ಬಂದು ಕೂರುವ ಹಾಗೆ ಮಾಡಿಕೊಡಿ.

ಇತಿ,
ಚನ್ನಗಿರಿ ತಾಲ್ಲೂಕಿನ ಒಬ್ಬ ತಂಗಿ